ಓದುಗರ ಪ್ರಶ್ನೆ: ಜೀಪಿನ ಮೀಟ್ರಲ್ಲಿ ಬಂದ 111111

ಈ ಸಲದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಒಟ್ಟಿಗೆ ಹರಡ್ಕೊಂಡು ಕೂತಾಗ ಒಂದು ವಿಷ್ಯ ಗೊತ್ತಾಯ್ತು. ಮೂಡಿಗೆರೆ ಕಡೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಅದರಲ್ಲೇ ಬೇಲೂರಿನವ್ರ ಪ್ರಶ್ನೆಗೂ ಹಾಸನದವ್ರ ಪ್ರಶ್ನೆಗೂ ಉತ್ತರ ಸಿಗುತ್ತೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಬರೀ ಒಂದುಗಳ ಸಾಲನ್ನೇ ಹಿಡ್ಕೊಂಡಿದೀನಿ. ಪಕ್ಕದಲ್ಲಿ ಒಂದು ಪೆನ್ಸಿಲ್ಲು, ಹಳೇ ಬಿಲ್ಲಿನ ಹಿಂಬದಿ ಇಟ್ಕೊಳ್ಳಿ, ಇದು ಕೈಯಲ್ಲಿ ಮಾಡಿ ನೋಡ್ಬೇಕಾದ ಲೆಕ್ಕ, ಕಣ್ಣಲ್ಲಿ ಓದಿದ್ರೆ ಅರ್ಧ ಮಾತ್ರ ಸಿಗೋದು.

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾವು ಮೂಡಿಗೆರೆ ತಾಲೂಕಿನವ್ರು. ಹೋದ ತಿಂಗಳು ಧರ್ಮಸ್ಥಳಕ್ಕೆ ಹೊರಟಿದ್ವಿ, ಕೊಟ್ಟಿಗೆಹಾರದಲ್ಲಿ ತಿಂಡಿ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೆ ನಮ್ಮ ಜೀಪಿನ ಮೀಟ್ರು 111111 ತೋರಿಸ್ತು. ಒಂಬತ್ತನೇ ಕ್ಲಾಸಿನ ಮಗಳು ಅಪ್ಪಾ ನಿಲ್ಸು ನಿಲ್ಸು ಅಂತ ಕೂಗಿದ್ಲು, ಜಾಗ ನೋಡಿ ಸೈಡಿಗೆ ಹಾಕ್ದೆ, ಫೋಟೋ ತೆಗೆದ್ಲು. ಆಮೇಲೆ ಇದು ಅವಿಭಾಜ್ಯ ಸಂಖ್ಯೆನಾ, ಅಂದ್ರೆ 1 ಮತ್ತೆ ಅದನ್ನೇ ಬಿಟ್ಟು ಬೇರೆ ಯಾವುದರಲ್ಲೂ ಪೂರ್ತಿ ಹೋಗದ್ದಾ ಅಂತ ಕೇಳಿದ್ಲು. ತಿಂಡಿ ಬಿಲ್ಲಿನ ಹಿಂದೆ ಭಾಗಿಸಿ ನೋಡಿದ್ವಿ, 3ರಲ್ಲಿ ಹೋಯ್ತು, 37037 ಬಂತು, ಅಲ್ಲಿಗೆ ನಿಂತ್ವಿ. ಮನೆಗೆ ಬಂದ್ಮೇಲೆ ಪಕ್ಕದ ಮನೆಯವ್ರು ಇದು ಅದೃಷ್ಟದ ನಂಬರು, ಮುಂದಿನ ಗಾಡಿಗೆ 1111 ಫ್ಯಾನ್ಸಿ ನಂಬರ್ ತಗೊಳ್ಳಿ ಅಂತಿದಾರೆ. ಈ ಸಂಖ್ಯೆಯಲ್ಲಿ ಏನಾದ್ರೂ ವಿಶೇಷ ಇದ್ಯಾ?

ಉತ್ತರ: ನೀವು ಕಳಿಸಿದ ಫೋಟೋ ನೋಡ್ದೆ ಸಾರ್. ಗ್ಲಾಸಿನ ಮೇಲೆಲ್ಲ ಮಂಜು, ಕೆಳಗೆ ಹಸಿರು ಬೆಳಕಲ್ಲಿ ಆರು ಒಂದು. ಆ ಹುಡುಗಿ ಗಾಡಿ ನಿಲ್ಲಿಸಿದ್ದು ನಂಗೆ ಬಹಳ ಇಷ್ಟ ಆಯ್ತು, ಒಂದು ಕಿಲೋಮೀಟ್ರು ಮುಂದೆ ಹೋಗಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ.

ಅವಿಭಾಜ್ಯ ಅಲ್ಲ, ಅದನ್ನ ನೀವೇ 3ರಲ್ಲಿ ಭಾಗಿಸಿ ತೋರಿಸಿದೀರ. ಆದ್ರೆ 37037 ಹತ್ರ ನಿಲ್ಲಬಾರದಿತ್ತು. ಆ ಸಂಖ್ಯೆನ ಒಂದೇ ಸಲ ನುಂಗೋಕೆ ಹೋಗ್ಬೇಡಿ, ಮಧ್ಯಕ್ಕೆ ಮುರೀರಿ. 111 ಒಂದು ಕಡೆ, 111 ಇನ್ನೊಂದು ಕಡೆ. ಎಡಗಡೆದು ಸಾವಿರದ ಸ್ಥಾನದಲ್ಲಿದೆ, ಅಂದ್ರೆ 111 ಸಾವಿರ ಮತ್ತೆ 111, ಎರಡೂ ಸೇರಿದ್ರೆ 111 × 1001. ಮುಗೀತು, ದೊಡ್ಡ ಸಂಖ್ಯೆ ಎರಡು ಸಣ್ಣ ತುಂಡಾಯ್ತು. 111 ಅಂದ್ರೆ 3 × 37. 1001 ಅಂದ್ರೆ 7 × 11 × 13, ಇದನ್ನ ಮಾತ್ರ ಬಾಯಿಪಾಠ ಮಾಡಿಟ್ಕೊಳ್ಳಿ, ಕೆಳಗೆ ಇನ್ನೊಂದು ಪ್ರಶ್ನೆಗೆ ಬೇಕಾಗುತ್ತೆ. ಹಾಗಾಗಿ

111111 = 3 × 7 × 11 × 13 × 37

ಐದು ಅವಿಭಾಜ್ಯಗಳು, ಒಂದೂ ಎರಡನೇ ಸಲ ಬಂದಿಲ್ಲ. ಮೂರಾಗಿ ಮುರಿದ್ರೂ ಆಗ್ತಿತ್ತು, 11, 11, 11, ಅಂದ್ರೆ 11 × 10101, ಕೊನೆಗೆ ಬರೋದು ಇದೇ ಐದು. ಯಾವ ಕಡೆಯಿಂದ ಹೊರಟ್ರೂ ಅದೇ ಐದು ಅವಿಭಾಜ್ಯಗಳು ಬರೋದು, ಇದು ಈ ಸಂಖ್ಯೆಗೆ ಮಾತ್ರ ಅಲ್ಲ ಎಲ್ಲ ಪೂರ್ಣ ಸಂಖ್ಯೆಗೂ ಅನ್ವಯಿಸೋ ನಿಯಮ, ನಂಗಂತೂ ಗಣಿತದಲ್ಲಿ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಈಗ ಮಗಳ ಹತ್ರ 7ರ ಭಾಗಾಕಾರ ಒಂದ್ಸಲ ಕೈಯಲ್ಲಿ ಮಾಡಿಸಿ. 11ರಲ್ಲಿ 7 ಒಂದು ಸಲ, ಶೇಷ 4. ಮುಂದಿನ 1 ಇಳಿಸಿದ್ರೆ 41, ಏಳೈದ್ಲಿ ಮೂವತ್ತೈದು, ಶೇಷ 6. ಇನ್ನೊಂದು 1 ಇಳಿಸಿ, 61, ಏಳೆಂಟ್ಲಿ ಐವತ್ತಾರು, ಶೇಷ 5. ಆಮೇಲೆ 51, ಏಳೇಳ್ಲಿ ನಲವತ್ತೊಂಬತ್ತು, ಶೇಷ 2. ಆಮೇಲೆ 21, ಏಳ್ಮೂರ್ಲಿ ಇಪ್ಪತ್ತೊಂದು, ಶೇಷ ಸೊನ್ನೆ. ಉತ್ತರ 15873. ಐದು ಒಂದಿಗೆ ನಿಂತಿದ್ರೆ 2 ಉಳೀತಿತ್ತು, ನಾಲ್ಕಕ್ಕೆ ನಿಂತಿದ್ರೆ 5, ಸರಿಯಾಗಿ ಆರನೇ ಒಂದು ಇಳಿದಾಗ ಮಾತ್ರ ಏಳಕ್ಕೆ ಸಮಾಧಾನ. ಈಗ 15873ನ್ನ 7ರ ಮಗ್ಗಿ ಯಾವ ಸಂಖ್ಯೆಯಿಂದ ಬೇಕಾದ್ರೂ ಗುಣಿಸಿ, 14ರಿಂದ ಗುಣಿಸಿದ್ರೆ 222222, 21ರಿಂದ 333333, 63ರಿಂದ 999999.

ಭಾಗಿಸೋ ಸಂಖ್ಯೆಗಳು ಒಟ್ಟು ಎಷ್ಟು ಅಂತ ಹುಡುಕ್ತಾ ಕೂರೋದು ಬೇಡ. ಐದು ಅವಿಭಾಜ್ಯದಲ್ಲಿ ಒಂದೊಂದನ್ನೂ ತಗೋಬಹುದು ಇಲ್ಲ ಬಿಡಬಹುದು, ಎರಡೆರಡು ದಾರಿ, ಐದು ಸಲ, 2 × 2 × 2 × 2 × 2, ಅಂದ್ರೆ 32. ಏನೂ ತಗೊಳ್ದಿದ್ರೆ 1, ಎಲ್ಲ ತಗೊಂಡ್ರೆ 111111. ಇವು ಜೋಡಿಜೋಡಿಯಾಗಿ ಬರ್ತವೆ, ಒಟ್ಟು 16 ಜೋಡಿ, ಅದರಲ್ಲಿ ಕೆಲವು ನೋಡೋಕೇ ಚಂದ: 143 × 777, 91 × 1221, 37 × 3003, 11 × 10101. ಈ 777, 1221, 3003, 10101 ಎಲ್ಲ ಹಿಂದಿನಿಂದ ಓದಿದ್ರೂ ಅದೇ. ಮಿಕ್ಕ ಜೋಡಿಗಳನ್ನ ನಿಮ್ಮ ಮಗಳು ಪಟ್ಟಿ ಮಾಡ್ಲಿ, ಒಂದು ಸಂಜೆ ಕೆಲಸ ಅದು.

32 ಭಾಜಕಗಳನ್ನೂ ಕೂಡಿದ್ರೆ 204288 ಬರುತ್ತೆ. ಒಂದೊಂದಾಗಿ ಕೂಡ್ಬೇಕಾಗಿಲ್ಲ, ಪ್ರತಿ ಅವಿಭಾಜ್ಯಕ್ಕೂ 1 ಸೇರಿಸಿ ಗುಣಿಸಿ, 4 × 8 × 12 × 14 × 38. ಅದರಲ್ಲಿ 111111ನ್ನೇ ಕಳೆದ್ರೆ ಉಳಿಯೋದು 93177, ಮೂಲ ಸಂಖ್ಯೆಗಿಂತ ಕಮ್ಮಿ. 6ಕ್ಕೆ ಹಾಗಲ್ಲ, ಅದರ ಸಣ್ಣ ಭಾಜಕ 1, 2, 3 ಕೂಡಿದ್ರೆ ಸರಿಯಾಗಿ 6 ಬರುತ್ತೆ, 28ಕ್ಕೂ ಅಷ್ಟೇ, ಅಂಥವಕ್ಕೆ ಪರಿಪೂರ್ಣ ಸಂಖ್ಯೆ ಅಂತಾರೆ. 111111 ಆ ಗುಂಪಿಂದಲ್ಲ, ಇಷ್ಟೊಂದು ಭಾಜಕ ಇದ್ರೂ ಕೊರತೆ ಬಿದ್ದಿದೆ, ಯಾಕಂದ್ರೆ 2 ಅದರೊಳಗೆ ಇಲ್ಲ, 2 ಇದ್ದಿದ್ರೆ ಅರ್ಧ ಭಾಗ ಅಲ್ಲೇ ಸಿಕ್ತಿತ್ತು.

ಇನ್ನೊಂದು. ಇದು ಯಾವ ಸಂಖ್ಯೆಯ ವರ್ಗನೂ ಅಲ್ಲ. ಆರು ಒಂದು ಮಾತ್ರ ಅಲ್ಲ, ಎರಡು ಇಲ್ಲ ಅದಕ್ಕಿಂತ ಹೆಚ್ಚು ಎಷ್ಟೇ ಒಂದುಗಳನ್ನ ಸಾಲಾಗಿ ಬರೆದ್ರೂ ವರ್ಗ ಆಗೋಲ್ಲ, ಕೋಟಿ ಒಂದು ಬರೆದ್ರೂ ಆಗೋಲ್ಲ, ಮತ್ತೆ ಇದನ್ನ ಒಂದು ಬಸ್ ಟಿಕೆಟ್ ಹಿಂದೆ ಸಾಬೀತು ಮಾಡಬಹುದು. ಸಮ ಸಂಖ್ಯೆನ ವರ್ಗ ಮಾಡಿದ್ರೆ ಅದು 4ರಲ್ಲಿ ಪೂರ್ತಿ ಹೋಗುತ್ತೆ. ಬೆಸ ಸಂಖ್ಯೆನ ವರ್ಗ ಮಾಡಿ 4ರಿಂದ ಭಾಗಿಸಿದ್ರೆ ಯಾವಾಗ್ಲೂ 1 ಉಳಿಯುತ್ತೆ, 9, 25, 49 ಹಾಕಿ ನೋಡಿ. ನಮ್ಮ ಸಾಲಿನ ಕೊನೆ ಎರಡು ಅಂಕಿ 11, ನೂರು ಹೇಗೂ 4ರಲ್ಲಿ ಹೋಗೋದ್ರಿಂದ ಎಡಗಡೆ ಏನಿದ್ರೂ ಲೆಕ್ಕಕ್ಕಿಲ್ಲ, 11ನ್ನ 4ರಿಂದ ಭಾಗಿಸಿದ್ರೆ 3 ಉಳಿಯುತ್ತೆ. ಯಾವ ವರ್ಗಕ್ಕೂ 3 ಉಳಿಯೋಲ್ಲ. ಅಷ್ಟೇ. ಆದ್ರೂ ನೋಡಿ, 333ರ ವರ್ಗ 110889, 334ರ ವರ್ಗ 111556, ನಮ್ಮದು ಮಧ್ಯದಲ್ಲಿ. ಚುಕ್ಕೆ ಇಟ್ಟು 333.333… ಅಂತ ಕೊನೆಯಿಲ್ಲದೆ ಮೂರು ಬರ್ಕೊಂಡು ಹೋಗಿ ಅದನ್ನ ವರ್ಗ ಮಾಡಿದ್ರೆ ಬರೋದು 111111.111…, ಚುಕ್ಕೆಯ ಈಚೆ ಆರು ಒಂದು, ಆಚೆ ಮುಗಿಯದ ಒಂದುಗಳು. ಸಾವಿರದಲ್ಲಿ ಮೂರನೇ ಒಂದು ಭಾಗದ ವರ್ಗ ಅಂದ್ರೆ ಹತ್ತು ಲಕ್ಷದಲ್ಲಿ ಒಂಬತ್ತನೇ ಒಂದು ಭಾಗ, ಅದಕ್ಕೇ ಹೀಗಾಗೋದು.

ಅದೃಷ್ಟದ ವಿಷ್ಯಕ್ಕೆ ಬರ್ತೀನಿ. ಸಂಖ್ಯೆಗೆ ಒಳ್ಳೇದು ಕೆಟ್ಟದ್ದು ಮಾಡೋ ಶಕ್ತಿ ಇಲ್ಲ ಸಾರ್, ಫ್ಯಾನ್ಸಿ ನಂಬರಿಗೆ ಕೊಡೋ ದುಡ್ಡಲ್ಲಿ ಒಳ್ಳೇ ಟೈರ್ ಹಾಕ್ಸಿ, ಚಾರ್ಮಾಡಿ ಮಳೆಗಾಲಕ್ಕೆ ಅದೇ ಕಾಯೋದು. ನಿಮ್ಮ ಮೀಟ್ರಲ್ಲಿ ಹಿಂದಿನ ಕಿಲೋಮೀಟ್ರು 111110, ಅದು 2 × 5 × 41 × 271. ಮುಂದಿನದು 111112, ಅದು 2 × 2 × 2 × 17 × 19 × 43. ಅವೆರಡಕ್ಕೂ ಯಾರೂ ಗಾಡಿ ನಿಲ್ಲಿಸಲಿಲ್ಲ, ಆದ್ರೆ ಒಳಗೆ ನೋಡಿದ್ರೆ ಅವಕ್ಕೂ ಅವುಗಳದ್ದೇ ಮುಖ ಇದೆ.

ಪ್ರಶ್ನೆ: ಸಾರ್, ನಾನು ಅರಸೀಕೆರೆಯವ್ನು, ಬಿಎಸ್ಸಿ ಎರಡನೇ ವರ್ಷ. 11 ಅವಿಭಾಜ್ಯ ಅಂತ ಗೊತ್ತು. ಬರೀ ಒಂದುಗಳೇ ಇರೋ ಸಂಖ್ಯೆಗಳಲ್ಲಿ ಬೇರೆ ಯಾವ್ಯಾವ್ದು ಅವಿಭಾಜ್ಯ?

ಉತ್ತರ: ಇಂಥ ಸಂಖ್ಯೆಗೆ ರಿಪ್ಯೂನಿಟ್ ಅಂತ ಹೆಸರಿದೆ ಕಣಪ್ಪ, 1966ರಲ್ಲಿ ಆಲ್ಬರ್ಟ್ ಬೈಲರ್ ಅನ್ನೋರು ಇಟ್ಟಿದ್ದು, ರಿಪೀಟೆಡ್ ಯೂನಿಟ್ ಅನ್ನೋದನ್ನ ಒಟ್ಟು ಮಾಡಿ. ಮೇಲೆ ಆರು ಒಂದನ್ನ ಮುರಿದ ರೀತಿ ನೋಡಿದ್ಯಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಒಂದುಗಳ ಎಣಿಕೆ 6, 8, 9, 10 ಅಂತ ಮುರಿಯೋಕೆ ಆಗೋ ಸಂಖ್ಯೆ ಆಗಿದ್ರೆ ಇಡೀ ಸಾಲನ್ನ ಸಮ ಗುಂಪು ಮಾಡಬಹುದು, ಗುಂಪೇ ಒಂದು ಭಾಜಕ ಆಗುತ್ತೆ. ಹಾಗಾಗಿ ಎಣಿಕೆ ಅವಿಭಾಜ್ಯ ಆಗಿರಲೇಬೇಕು.

ಹಾಗಂತ ಅಷ್ಟಿದ್ರೆ ಸಾಕಾ? ಸಾಲೋಲ್ಲ. ಮೂರು ಒಂದು, 3 × 37. ಐದು ಒಂದು, 41 × 271. ಏಳು ಒಂದು, 239 × 4649. ಹನ್ನೊಂದು ಒಂದು ಬರೆದು ನೋಡು, 21649 × 513239. ಹದಿಮೂರೂ ಒಡೆಯುತ್ತೆ, ಹದಿನೇಳೂ ಒಡೆಯುತ್ತೆ. ಎರಡಾದ್ಮೇಲೆ ಮೊದಲ ಸಲ ಗಟ್ಟಿಯಾಗಿ ನಿಲ್ಲೋದು ಹತ್ತೊಂಬತ್ತು ಒಂದುಗಳ ಸಾಲು, 1111111111111111111. ಇದನ್ನ ಬರೀ ಭಾಗಾಕಾರದಿಂದ ಅವಿಭಾಜ್ಯ ಅಂತ ತೋರಿಸ್ಬೇಕಾದ್ರೆ ಅದರ ವರ್ಗಮೂಲದವರೆಗೂ ಇರೋ ಅವಿಭಾಜ್ಯ ಎಲ್ಲ ಹಾಕಿ ನೋಡ್ಬೇಕು, ಆ ವರ್ಗಮೂಲ ನೂರೈದು ಕೋಟಿ ದಾಟುತ್ತೆ, ಆದ್ರೂ ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಬೇರೆ ಜಾಣ ದಾರಿ ಹಿಡಿದು ಸಾಬೀತು ಮಾಡಿದಾರೆ. ಆಮೇಲೆ 23. ಆಮೇಲೆ ಒಂದೇ ನೆಗೆತಕ್ಕೆ 317. ಅದಾದ್ಮೇಲೆ 1031, ಅದು ಸಾಬೀತಾಗಿದ್ದು 1986ರಲ್ಲಿ, ಹ್ಯೂ ವಿಲಿಯಮ್ಸ್ ಮತ್ತೆ ಹಾರ್ವೆ ಡಬ್ನರ್ ಅನ್ನೋ ಇಬ್ಬರಿಂದ. 49,081 ಒಂದುಗಳ ಸಾಲು ಅವಿಭಾಜ್ಯ ಅಂತ ಗಟ್ಟಿ ಆಗಿದ್ದು ಮೊನ್ನೆ ಮೊನ್ನೆ, 2022ರಲ್ಲಿ. ಇಂಥವು ಮುಗಿಯದೆ ಬರ್ತಾನೇ ಇರ್ತವಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ನೀನು ಎಂಎಸ್ಸಿಗೆ ಹೋಗೋ ಯೋಚನೆ ಇದ್ರೆ ಸಂಖ್ಯಾಸಿದ್ಧಾಂತ ಪೇಪರ್ ತಗೋ, ಬಿಡ್ಬೇಡ.

ಪ್ರಶ್ನೆ: ನಾನು ಬೇಲೂರಿಂದ ಬರೀತಿರೋ ಗೃಹಿಣಿ. ಮೊಮ್ಮಗ ಕ್ಯಾಲ್ಕುಲೇಟರಲ್ಲಿ 12345679ನ್ನ 9ರಿಂದ ಗುಣಿಸಿ ಒಂಬತ್ತು ಒಂದು ತೋರಿಸ್ತಾನೆ. 8 ಯಾಕಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೆ. ನಂಗೆ ಅದೇ ತಲೇಲಿ ಕೂತುಬಿಟ್ಟಿದೆ.

ಉತ್ತರ: ಅಮ್ಮಾ, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ಗುಣಾಕಾರದಲ್ಲಿ ಇದರ ಗುಟ್ಟು ಕಾಣೋಲ್ಲ, ತಿರುಗಿಸಿ ಭಾಗಾಕಾರ ಮಾಡಿ. ಒಂಬತ್ತು ಒಂದು ಬರ್ಕೊಂಡು 9ರಿಂದ ಭಾಗಿಸ್ತಾ ಬನ್ನಿ.

ಮೊದಲ 1ರಲ್ಲಿ 9 ಹೋಗೋಲ್ಲ, 1 ಉಳೀತು. ಪಕ್ಕದ್ದು ಇಳಿಸಿದ್ರೆ 11, ಒಂದು ಸಲ ಹೋಗಿ 2 ಉಳೀತು. 21, ಎರಡು ಸಲ, 3 ಉಳೀತು. 31, ಮೂರು ಸಲ, 4 ಉಳೀತು. ನೋಡಿ, ಪ್ರತಿ ಸಲನೂ ಉತ್ತರದ ಅಂಕಿ ಒಂದು ಏರುತ್ತೆ, ಶೇಷನೂ ಒಂದು ಏರುತ್ತೆ, ಮೆಟ್ಟಿಲು ಹತ್ತಿದ ಹಾಗೆ. 41, 51, 61 ಹೀಗೇ ಹೋಗಿ 71ಕ್ಕೆ ಬಂದಾಗ ಏಳು ಸಲ, ಶೇಷ 8. ಈಗ ಕೊನೇ 1 ಇಳಿಸಿದ್ರೆ 81. ಕ್ರಮದ ಪ್ರಕಾರ ಇಲ್ಲಿ ಎಂಟು ಸಲ ಬರೆದು 9 ಉಳಿಸ್ಬೇಕಾಗಿತ್ತು. ಆದ್ರೆ 9 ಉಳಿಸ್ಕೊಂಡು ಕೂರೋಕೆ ಆಗೋಲ್ಲ, ಅದು ಇನ್ನೊಂದು ಸಲ ಪೂರ್ತಿ ಹೋಗಿಬಿಡುತ್ತೆ. ಹಾಗಾಗಿ ಎಂಟರ ಜಾಗದಲ್ಲಿ ಒಂಬತ್ತು, ಶೇಷ ಸೊನ್ನೆ. 8 ಕಳೆದುಹೋಗಿಲ್ಲ ಅಮ್ಮಾ, ಕೊನೇ ಮೆಟ್ಟಿಲಲ್ಲಿ 9 ಆಗಿ ನಿಂತಿದೆ. ಮೊಮ್ಮಗನಿಗೆ ನೀವೇ ಸ್ಲೇಟಲ್ಲಿ ಮಾಡಿ ತೋರಿಸಿ, 27ರಿಂದ ಗುಣಿಸಿದ್ರೆ ಒಂಬತ್ತು ಮೂರು ಯಾಕೆ ಬರುತ್ತೆ ಅಂತ ಆಮೇಲೆ ಅವನೇ ಹೇಳ್ತಾನೆ.

ಪ್ರಶ್ನೆ: ಹಾಸನದ ಪಿನ್ ಕೋಡ್ 573201, ಚಿಕ್ಕಮಗಳೂರಿಂದು 577101. ಇಷ್ಟು ವರ್ಷದಿಂದ ಬರೀತಾ ಇದೀವಿ, ಈ ಸಂಖ್ಯೆಗಳಲ್ಲೂ ಏನಾದ್ರೂ ಇರುತ್ತಾ ಸಾರ್? (ಹಾಸನದ ಒಬ್ಬರು ರಿಟೈರ್ಡ್ ಪೋಸ್ಟ್‌ಮ್ಯಾನ್)

ಉತ್ತರ: ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ, ಶ್ರೀರಾಮ ಭಿಕಾಜಿ ವೇಲಣಕರ್ ಅನ್ನೋರು ರೂಪಿಸಿದ್ದು, ಅವರು ಸಂಸ್ಕೃತ ಕವಿಗಳೂ ಹೌದು. ಮೊದಲನೇ ಅಂಕಿ ವಲಯ, ಮೊದಲ ಮೂರು ಸೇರಿದ್ರೆ ಕಾಗದ ವಿಂಗಡಿಸೋ ಜಿಲ್ಲೆ, ಕೊನೆ ಮೂರು ಪೋಸ್ಟಾಫೀಸು, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂಚೆಯವ್ರು ಮೂರು ಮೂರಾಗಿ ಓದ್ತೀರಲ್ಲ, ಲೆಕ್ಕದಲ್ಲೂ ಹಂಗೇ ಓದೋಣ.

ಮೇಲೆ 1001 = 7 × 11 × 13 ಅಂತ ಹೇಳಿದ್ದೆ. ಅದರಿಂದ ಒಂದು ಉಪಾಯ ಸಿಗುತ್ತೆ. ಆರಂಕಿ ಸಂಖ್ಯೆನ ಮೂರು ಮೂರು ಅಂಕಿಗೆ ಮುರಿದು ದೊಡ್ಡದರಲ್ಲಿ ಸಣ್ಣದು ಕಳೀರಿ, ಉಳಿದದ್ದು 7ರಲ್ಲಿ ಹೋದ್ರೆ ಇಡೀ ಸಂಖ್ಯೆನೂ 7ರಲ್ಲಿ ಹೋಗುತ್ತೆ, 11ಕ್ಕೂ ಅಷ್ಟೇ, 13ಕ್ಕೂ ಅಷ್ಟೇ. ಚಿಕ್ಕಮಗಳೂರು ತಗೊಳ್ಳಿ, 577ರಲ್ಲಿ 101 ಕಳೆದ್ರೆ 476. ಏಳರವತ್ತೆಂಟ್ಲಿ 476. ಹಾಗಾದ್ರೆ ಚಿಕ್ಕಮಗಳೂರಿನ ಪಿನ್ ಏಳರಲ್ಲಿ ಹೋಗುತ್ತೆ! ಅಂಕಿ ಕೂಡಿದ್ರೆ 21, ಮೂರರಲ್ಲೂ ಹೋಗುತ್ತೆ. ಎರಡೂ ತೆಗೆದ್ರೆ 27481 ಉಳೀತು, ಅದು ಅವಿಭಾಜ್ಯ, ಅದನ್ನ ನಾನು 163ರವರೆಗೂ ಒಂದೊಂದೇ ಅವಿಭಾಜ್ಯ ಹಾಕಿ ನೋಡಿದೀನಿ. 577101 = 3 × 7 × 27481.

ಹಾಸನಕ್ಕೆ 573ರಲ್ಲಿ 201 ಕಳೆದ್ರೆ 372, ಅದು ಏಳರಲ್ಲೂ ಇಲ್ಲ ಹನ್ನೊಂದರಲ್ಲೂ ಇಲ್ಲ ಹದಿಮೂರರಲ್ಲೂ ಇಲ್ಲ. ಅಂಕಿ ಕೂಡಿದ್ರೆ ಮಾತ್ರ 18, ಅಂದ್ರೆ 9ರಲ್ಲಿ ಹೋಗುತ್ತೆ. ಇಲ್ಲಿ ನಮ್ಮಪ್ಪ ನೆನಪಾಗ್ತಾರೆ. ಸಕಲೇಶಪುರ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ರು, ಬಟವಾಡೆ ಹಿಂದಿನ ರಾತ್ರಿ ಲಾಟೀನು ಇಟ್ಕೊಂಡು ಉದ್ದದ ಲೆಡ್ಜರಲ್ಲಿ ಕೂಲಿ ಲೆಕ್ಕ ಬರೆಯೋರು, ಪ್ರತಿ ಗುಣಾಕಾರ ಮುಗಿದ ಕೂಡ್ಲೇ ಅಂಚಲ್ಲಿ ಪೆನ್ಸಿಲಿಂದ ಒಂದು ಸಣ್ಣ ಅಂಕಿ ಹಾಕೋರು, ಅಂಕಿಗಳನ್ನ ಕೂಡಿ ಒಂಬತ್ತು ತೆಗೆದು ಉಳಿದದ್ದು. ಎರಡೂ ಕಡೆ ಅಂಕಿ ಸರಿ ಹೊಂದದಿದ್ರೆ ಲೆಕ್ಕ ತಪ್ಪು ಅಂತ, ಮತ್ತೆ ಮೊದಲಿಂದ. ಅದೇ ಉಪಾಯದಲ್ಲಿ ಹಾಸನದ ಪಿನ್ ನೋಡಿದ್ರೆ ಒಂಬತ್ತಕ್ಕೆ ಏನೂ ಉಳಿಯೋಲ್ಲ. 573201 = 9 × 63689, ಈ 63689 ಅವಿಭಾಜ್ಯ, ಇದಕ್ಕೆ 251ರವರೆಗೂ ಹಾಕಿ ನೋಡ್ಬೇಕಾಯ್ತು, ಒಂದು ಮಧ್ಯಾಹ್ನ ಪೂರ್ತಿ ಹಿಡೀತು. 193 ಹಾಕಿದಾಗ 192 ಉಳೀತು, ಒಂದೇ ಒಂದರಲ್ಲಿ ತಪ್ಪಿಹೋಯ್ತು.

ಪ್ರಶ್ನೆ: ಈ ತರ ಸಂಖ್ಯೆ ಚಮತ್ಕಾರ ಎಲ್ಲ ಹೊರದೇಶದವ್ರೇ ಕಂಡುಹಿಡಿದಿದ್ದಾ? ನಮ್ಮ ಕಡೆ ಯಾರೂ ಮಾಡಿಲ್ವಾ? (ಶ್ರವಣಬೆಳಗೊಳದ ಓದುಗರು)

ಉತ್ತರ: ಮಾಡಿದಾರೆ, ಅದೂ ನಿಮ್ಮೂರಿನ ಗೊಮ್ಮಟನ ಮೂರ್ತಿ ನಿಲ್ಲೋಕೆ ನೂರು ವರ್ಷಕ್ಕೂ ಹೆಚ್ಚು ಮುಂಚೆ. ಮೂರ್ತಿ 981ರ ಸುಮಾರಿಗೆ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹ 850ರ ಸುಮಾರಿಗೆ. ಜೈನ ಪಂಡಿತರು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ಅದೇ ನೃಪತುಂಗನ ಆಸ್ಥಾನದಿಂದಲೇ ಕವಿರಾಜಮಾರ್ಗನೂ ಬಂದಿದ್ದು. ಪುಸ್ತಕ ಸಂಸ್ಕೃತದಲ್ಲಿದೆ, 1912ರಲ್ಲಿ ಮದರಾಸಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕ್ಸಿದ್ರು.

ಅದರಲ್ಲಿ ಗುಣಾಕಾರದ ಲೆಕ್ಕಗಳು ಹೇಗಿವೆ ಅಂದ್ರೆ ಉತ್ತರ ಬಂದಾಗ ಅಂಕಿಗಳು ಕೊರಳಿನ ಹಾರದ ತರ ಎರಡೂ ಕಡೆಯಿಂದ ಒಂದೇ ಸಮ ಕಾಣುತ್ತೆ, ಅವರೇ ಅದನ್ನ ಕಂಠಾಭರಣ ಅಂತ ಕರೀತಾರೆ. ಒಂದು ಲೆಕ್ಕ, 152207ನ್ನ 73ರಿಂದ ಗುಣಿಸಿ. ಬರೋದು 11111111, ಎಂಟು ಒಂದು. ಯಾಕೆ ಅಂತ ಈಗ ನಾವೂ ಹೇಳಬಹುದು, ಎಂಟು ಒಂದನ್ನ ನಾಲ್ಕು ನಾಲ್ಕಾಗಿ ಮುರಿದ್ರೆ 1111 × 10001, ಆ 10001 ಒಳಗೆ 73 × 137 ಅಡಗಿದೆ, 1111ನ್ನ 137ರಿಂದ ಗುಣಿಸಿದ್ರೆ 152207. ಒಂಬತ್ತನೇ ಶತಮಾನದಲ್ಲಿ ಕೂತು 10001 ಒಡೆಯುತ್ತೆ ಅಂತ ಕಂಡ್ಕೊಂಡಿದ್ದು ಸಣ್ಣ ವಿಷ್ಯ ಅಲ್ಲ, ಯಾಕಂದ್ರೆ 73ಕ್ಕಿಂತ ಸಣ್ಣ ಅವಿಭಾಜ್ಯ ಯಾವುದೂ ಅದಕ್ಕೆ ಹೊಂದೋಲ್ಲ, ಇಪ್ಪತ್ತು ಸಲ ಸೋತ ಮೇಲೆ 73 ಸಿಗೋದು.

ಇನ್ನೊಂದು ಲೆಕ್ಕ ನಮ್ಮ ಜೀಪಿನ ಸಂಖ್ಯೆಗೇ ಸೇರಿದ್ದು. 27994681ನ್ನ 441ರಿಂದ ಗುಣಿಸಿದ್ರೆ 12345654321. ಒಂದರಿಂದ ಆರಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯೋ ಹಾರ. 441 ಅಂದ್ರೆ 21ರ ವರ್ಗ, 27994681 ಅಂದ್ರೆ 5291ರ ವರ್ಗ, 21 × 5291 ಎಷ್ಟು ಗೊತ್ತಾ, 111111. ಅಂದ್ರೆ ಇಡೀ ಹಾರ 111111ರ ವರ್ಗ. ಚಾರ್ಮಾಡಿಯಲ್ಲಿ ಆ ಹುಡುಗಿ ಫೋಟೋ ತೆಗೆದ ಸಂಖ್ಯೆನ ಅದರಿಂದಲೇ ಗುಣಿಸಿ ಮಹಾವೀರಾಚಾರ್ಯರು ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಹಾರ ಮಾಡಿಟ್ಟಿದಾರೆ. ಆರು ಒಂದನ್ನ ಕೆಳಗೆ ಕೆಳಗೆ ಒಂದೊಂದು ಮನೆ ಸರಿಸಿ ಆರು ಸಾಲು ಬರೆದು ಕೂಡಿ ನೋಡಿ, ಬಲಗಡೆಯಿಂದ 1, 2, 3 ಅಂತ ಏರಿ ಮಧ್ಯದ ಮನೆಯಲ್ಲಿ ಆರೂ ಸಾಲು ಸೇರಿ 6, ಆಮೇಲೆ ಇಳಿಯುತ್ತೆ. ಎಲ್ಲೂ ದಶಕ ಕೊಡೋ ಹಾಗಿಲ್ಲ, ಅದಕ್ಕೇ ಅಷ್ಟು ಚೊಕ್ಕ. ಇದನ್ನ ಬರೆದ ರಾತ್ರಿ ನಾನು ಆ ಆರು ಸಾಲನ್ನ ಎರಡು ಸಲ ಬರೆದೆ, ಬರೀ ನೋಡೋ ಖುಷಿಗೆ.

ಪ್ರಶ್ನೆ: ಮೂಡಿಗೆರೆಯ ಅದೇ ಹುಡುಗಿ ಅಪ್ಪನ ಫೋನಿಂದ ಆಮೇಲೆ ಕಳಿಸಿದ್ದು: ಸಾರ್, 111111 ಒಳಗೆ 17 ಇಲ್ಲ. ಇನ್ನೂ ಜಾಸ್ತಿ ಒಂದು ಬರೆದ್ರೆ ಯಾವಾಗಾದ್ರೂ 17 ಬರುತ್ತಾ?

ಉತ್ತರ: ಬರುತ್ತೆ ಪುಟ್ಟಿ. ಹದಿನಾರು ಒಂದು ಬರಿ, 17ರಿಂದ ಭಾಗಿಸು, 65359477124183 ಬರುತ್ತೆ, ಶೇಷ ಸೊನ್ನೆ. 17 ಮಾತ್ರ ಅಲ್ಲ, ಕೊನೇ ಅಂಕಿ 1, 3, 7, 9 ಇರೋ ಯಾವ ಸಂಖ್ಯೆ ತಗೊಂಡ್ರೂ ಯಾವುದೋ ಒಂದು ಒಂದುಗಳ ಸಾಲಲ್ಲಿ ಅದು ಇದ್ದೇ ಇರುತ್ತೆ. ಯಾಕೆ ಅಂತ ಹೇಳ್ತೀನಿ, ನಿಧಾನವಾಗಿ ಓದು.

ತೋಟದಲ್ಲಿ 17 ಬುಟ್ಟಿ ಸಾಲಾಗಿ ಇಟ್ಟಿದೀವಿ ಅನ್ಕೋ, ಮೇಲೆ 0ರಿಂದ 16ರವರೆಗೂ ಚೀಟಿ ಅಂಟಿಸಿದೀವಿ. 1, 11, 111 ಅಂತ ಹದಿನೆಂಟು ಸಾಲು ಬರೆದು ಒಂದೊಂದನ್ನೂ 17ರಿಂದ ಭಾಗಿಸಿ, ಎಷ್ಟು ಉಳೀತೋ ಆ ಬುಟ್ಟಿಗೆ ಹಾಕು. ಹದಿನೆಂಟು ಸಾಲು, ಹದಿನೇಳೇ ಬುಟ್ಟಿ, ಹಾಗಾದ್ರೆ ಯಾವುದೋ ಬುಟ್ಟಿಲಿ ಎರಡು ಬಿದ್ದೇ ಬೀಳುತ್ತೆ. ಆ ಎರಡಕ್ಕೂ ಶೇಷ ಒಂದೇ, ದೊಡ್ಡದರಲ್ಲಿ ಸಣ್ಣದು ಕಳೆದ್ರೆ ಶೇಷ ಹೋಯ್ತು, ಉಳಿದದ್ದು 17ರಲ್ಲಿ ಪೂರ್ತಿ ಹೋಗುತ್ತೆ. ಕಳೆದಾಗ ಬರೋದು ಹೇಗಿರುತ್ತೆ? ಮುಂದೆ ಒಂದಿಷ್ಟು ಒಂದು, ಹಿಂದೆ ಒಂದಿಷ್ಟು ಸೊನ್ನೆ. ಆ ಸೊನ್ನೆಗಳು ಬರೀ 2 ಮತ್ತೆ 5ರಿಂದ ಆದವು, 17ಕ್ಕೆ ಅದರಿಂದ ಏನೂ ಸಿಗೋಲ್ಲ, ಸೊನ್ನೆ ಕಿತ್ತು ಹಾಕು, ಉಳಿದ ಒಂದುಗಳಲ್ಲೇ 17 ಇರ್ಬೇಕು. 17 ಇದ್ದ ಕಡೆ ಬೇರೆ ಸಂಖ್ಯೆ ಹಾಕಿದ್ರೂ ಮಾತು ಬದಲಾಗೋಲ್ಲ, ಬುಟ್ಟಿ ಎಣಿಕೆ ಮಾತ್ರ ಬದಲಾಗುತ್ತೆ.

ಮೇಲೆ ಪೋಸ್ಟ್‌ಮ್ಯಾನ್ ಸಾಹೇಬ್ರು ಕೇಳಿದ ಪಿನ್ ಕೋಡುಗಳೂ 1ರಲ್ಲೇ ಮುಗೀತವೆ ನೋಡು. ಅವೂ ಒಂದುಗಳ ಸಾಲಲ್ಲಿ ಸಿಗ್ಬೇಕು. 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ಹೇಳಿದ ಒಂದು ನಿಯಮ ಇದೆ, ಅದರ ಪ್ರಕಾರ 3, 2, 5 ಬಿಟ್ಟು ಬೇರೆ ಯಾವ ಅವಿಭಾಜ್ಯ ತಗೊಂಡ್ರೂ ಅದಕ್ಕಿಂತ ಒಂದು ಕಮ್ಮಿ ಒಂದುಗಳನ್ನ ಬರೆದ್ರೆ ಅದು ಖಂಡಿತ ಹೋಗುತ್ತೆ, 7ಕ್ಕೆ ಆರು, 17ಕ್ಕೆ ಹದಿನಾರು, ನೀನೇ ನೋಡಿದೀಯ. ಹಾಗಾದ್ರೆ 27481ಕ್ಕೆ 27,480 ಒಂದು ಸಾಕು. ಆ 27,480 ಸರಿಯಾಗಿ 6ರಲ್ಲೂ ಹೋಗುತ್ತೆ, ಅದಕ್ಕೆ ಅದೇ ಸಾಲಲ್ಲಿ 3 ಮತ್ತೆ 7 ಕೂಡ ಇರುತ್ತೆ, ಅಂದ್ರೆ ಇಡೀ 577101 ಅದರಲ್ಲಿ ಹೋಗುತ್ತೆ. ಒಂದು ಪುಟಕ್ಕೆ ಸಾವಿರ ಒಂದು ಬರೀತೀಯ ಅಂದ್ರೆ ಚಿಕ್ಕಮಗಳೂರಿಗೆ ಇಪ್ಪತ್ತೆಂಟು ಪುಟ. ಹಾಸನಕ್ಕೆ 63,688 ಒಂದು ಬರೆದ್ರೆ 63689 ಹೋಗುತ್ತೆ, ಆದ್ರೆ ಒಂಬತ್ತೂ ಹೋಗ್ಬೇಕಲ್ಲ, ಒಂದುಗಳ ಎಣಿಕೆನೇ 9ರ ಮಗ್ಗಿಲಿ ಬರ್ಬೇಕು, ಹಾಗಾಗಿ ಒಂಬತ್ತು ಪಟ್ಟು ಮಾಡಿ 5,73,192 ಒಂದು, ಐನೂರ ಎಪ್ಪತ್ನಾಲ್ಕು ಪುಟ. ಇಷ್ಟು ಬರೆದ್ರೆ ಖಂಡಿತ ಸಾಕು ಅಂತ ಮಾತ್ರ ನಾನು ಹೇಳಿದ್ದು. ಇದಕ್ಕಿಂತ ಕಮ್ಮಿಲಿ ಆಗುತ್ತಾ ಅಂತ ನೋಡೋಕೆ ಒಂದು ಸುಳಿವು ಕೊಡ್ತೀನಿ, 63688 ಅಂದ್ರೆ 2 × 2 × 2 × 19 × 419. ಶಾಲೆ ರಜೆಲಿ ಕೂತು ಮಾಡು, ಮಾಡಿ ಮುಗಿದ್ಮೇಲೆ ಅಪ್ಪನ ಫೋನಿಂದಲೇ ಕಳಿಸು.